ಕೇಳಿದವಳಿಗೆ ಇನ್ನೊಂದು ತಿಂಗಳು

ಅಜ್ಜಂಪುರ
16 ಜೂನ್ 2024

ಪ್ರಜ್ಞಾ,

ನಿನ್ನ ಮಿಸ್ ವಿಮಲಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರು ಮಾಡಬೇಕು, ಮಾಡಿದರೆ ಅರ್ಧ ಸುಳ್ಳಾಗುತ್ತದೆ. ನಿನ್ನ ರೈಲು ಬೀರೂರಿನ ಕಡೆ ಹೋದಮೇಲೂ ನಿಮ್ಮಪ್ಪ ಹೊನ್ನೇಶ ಪ್ಲಾಟ್‌ಫಾರಂ ಬಿಟ್ಟು ಅಲುಗಲಿಲ್ಲ. ದಿನಾ ಆ ಹಳಿಯ ಮೇಲೇ ಸುತ್ತಿಗೆ ಹಿಡಿದು ನಡೆಯುವ ಗ್ಯಾಂಗ್‌ಮನ್ ಅವನು, ಅವತ್ತು ಹಳಿಯನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ. ಏಳನೇ ಕ್ಲಾಸಿನಲ್ಲಿ ನನ್ನ ಕೈಕೆಳಗೆ ಕಬಡ್ಡಿ ಆಡಿದವನಲ್ಲವೇ, ಆ ಸಲುಗೆಯಲ್ಲಿ, "ನೀವು ಹೇಳಿದ್ರಿ ಅಂತ ಕಳ್ಸಿದೀನಿ ಮಿಸ್. ಏನಾರ ಆದ್ರೆ ನಿಮ್ಮನ್ನೇ ಕೇಳೋದು" ಅಂದ. ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ.

ಆ ಕ್ರೀಡಾ ಹಾಸ್ಟೆಲಿನಲ್ಲಿ ಭಾನುವಾರ ಹತ್ತು ನಿಮಿಷ ಫೋನ್ ಕೊಡುತ್ತಾರಂತೆ. ಅದು ನಿಮ್ಮಮ್ಮನಿಗಿರಲಿ. ನನಗೆ ಕಾಗದ ಬರೆ. ಮ್ಯಾಚಿನ ಮಾರನೇ ದಿನ ಒಂದು ಹಾಳೆ ಬರೆದು ಕೊಡುವ ಅಭ್ಯಾಸ ನಿನಗೆ ಇದ್ದೇ ಇದೆ. ಬಾಯಲ್ಲಿ "ಚೆನ್ನಾಗಿತ್ತು ಮಿಸ್" ಅನ್ನುವವಳು ಹಾಳೆಯ ಮೇಲೆ ಸಿಕ್ಕಿಬೀಳುತ್ತಾಳೆ, ಅದಕ್ಕೇ ಆ ಪದ್ಧತಿ ಇಟ್ಟಿದ್ದು.

ನೀನು ನನ್ನ ಮೈದಾನಕ್ಕೆ ಬಂದಾಗ ಒಂಬತ್ತು ವರ್ಷ. ಮೊದಲ ವರ್ಷ ಹಾಕಿ ಸ್ಟಿಕ್ ಇಲ್ಲ, ಬರೀ ಓಟ. ಎರಡನೇ ವರ್ಷ ಸ್ಟಿಕ್ ಇದೆ, ಮ್ಯಾಚ್ ಇಲ್ಲ. ಮೂರನೇ ವರ್ಷ ಗೆರೆಯಾಚೆ ಕೂತು ನೋಡುವುದು. "ಮಿಸ್, ನನ್ನ ಸರದಿ ಯಾವಾಗ" ಎಂದು ಬಾಯಿ ಬಿಟ್ಟವಳಿಗೆ ಇನ್ನೊಂದು ತಿಂಗಳು ಕೂರುವ ಶಿಕ್ಷೆ. ಅಮೂಲ್ಯಾ ಕೇಳಿ ಕೇಳಿಯೇ ಏಳು ತಿಂಗಳು ಹೆಚ್ಚಿಗೆ ಕೂತಳು. ನೀನೊಬ್ಬಳೇ ಒಂದು ಸಲವೂ ಕೇಳಲಿಲ್ಲ. ನಿನ್ನನ್ನು ಗೋಲ್‌ಕೀಪರ್ ಮಾಡಿದ್ದು, ಆಮೇಲೆ ಕ್ಯಾಪ್ಟನ್ ಮಾಡಿದ್ದು ಆ ಒಂದೇ ಕಾರಣಕ್ಕೆ. ಇವತ್ತು ಹೇಳುತ್ತಿದ್ದೇನೆ, ತಲೆಗೇರಿಸಿಕೊಳ್ಳಬೇಡ.

ಅಲ್ಲೂ ಕೇಳಬೇಡ. ಕಾಯಿ.

ನಿನ್ನ ಮಿಸ್
ವಿಮಲಮ್ಮ


ಕ್ರೀಡಾ ಹಾಸ್ಟೆಲ್
7 ಜುಲೈ 2024

ಪ್ರೀತಿಯ ಮಿಸ್‌ಗೆ ಪ್ರಜ್ಞಾ ಮಾಡುವ ನಮಸ್ಕಾರ.

ಇಲ್ಲಿ ಮೈದಾನಕ್ಕೆ ನೀಲಿ ಪ್ಲಾಸ್ಟಿಕ್ ಹುಲ್ಲಿನ ಹಾಸು ಮಿಸ್. ಆಡುವ ಮುಂಚೆ ನೀರು ಹೊಡೆಯುತ್ತಾರೆ. ನಮ್ಮ ಮಣ್ಣಿನ ಮೈದಾನದಲ್ಲಿ ಚೆಂಡು ಬರುವಾಗ ಧೂಳು ಏಳುತ್ತಿತ್ತು, ಸದ್ದು ಬರುತ್ತಿತ್ತು, ಎಲ್ಲಿಂದ ಬಂತು ಅಂತ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಗೊತ್ತಾಗುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ಯಾಡಿಗೆ ಬಡಿದಿರುತ್ತದೆ. ನನಗೆ ಚೆಂಡು ಕಂಡರೆ ಭಯ ಆಗುತ್ತಿದೆ ಮಿಸ್. ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ.

ಗೋಲ್‌ಕೀಪರ್‌ಗಳು ಮೂರು ಜನ. ಸುಮನಾ ಅಕ್ಕ ಮೊದಲನೆಯವಳು, ನಾನು ಮೂರನೆಯವಳು. ಹಾಗಾಗಿ ಬೆಂಚಿನ ಮೇಲೆ ಕೂರುವುದೇ ಕೆಲಸ. ಅದರಲ್ಲಿ ಇಡೀ ಹಾಸ್ಟೆಲಿಗೆ ನಾನೇ ಫಸ್ಟ್, ನಿಮ್ಮ ಕೃಪೆ.

ಕೋಚ್ ಚಂದ್ರಕುಮಾರ್ ಸರ್ ಕೆಟ್ಟವರಲ್ಲ. ಆದರೆ ಹೆಸರು ಕರೆಯುವುದಿಲ್ಲ, ನಂಬರ್ ಕರೆಯುತ್ತಾರೆ. ನಾನು ಮೂವತ್ತೊಂದು. ಪ್ರತಿ ಶನಿವಾರ ನೋಟಿಸ್ ಬೋರ್ಡಿಗೆ ಒಂದು ಲಿಸ್ಟ್ ಹಾಕುತ್ತಾರೆ. ಅದರಲ್ಲಿ ನಂಬರ್ ಇದ್ದವರು ಮನೆಗೆ ಹೋಗಬೇಕು. ಮಧ್ಯಾಹ್ನದ ಊಟಕ್ಕೆ ಮುಂಚೆ ಗೇಟಿನ ಹತ್ತಿರ ಬ್ಯಾಗುಗಳು ಸಾಲಾಗಿ ಕೂತಿರುತ್ತವೆ. ನಾವು ಬಂದಾಗ ನಲವತ್ತು ಜನ, ಈಗ ಮೂವತ್ತನಾಲ್ಕು. ನೀವು ನಮಗೆ ಕಾಯುವುದನ್ನು ಕಲಿಸಿದಿರಿ, ಇಲ್ಲಿ ಯಾರೂ ನಮಗೋಸ್ಕರ ಕಾಯುವುದಿಲ್ಲ. ಶುಕ್ರವಾರ ಬಂತೆಂದರೆ ನನಗೆ ಅನ್ನ ಇಳಿಯುವುದಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಬೇಡಿ. ಚೆನ್ನಾಗಿ ತಿನ್ನುತ್ತಾಳೆ ಅಂತ ಹೇಳಿ.

ನಿಮ್ಮ ವಿದ್ಯಾರ್ಥಿನಿ
ಪ್ರಜ್ಞಾ ಎಚ್.


ಅಜ್ಜಂಪುರ
4 ಆಗಸ್ಟ್ 2024

ಪ್ರಜ್ಞಾ,

ಕಡೂರಿನ ಮೈದಾನದಲ್ಲಿ ತರೀಕೆರೆಯವರು ನಮಗೆ ಆರು ಗೋಲು ಬಾರಿಸಿದರು. ನಮ್ಮದು ಸೊನ್ನೆ. ಅಮೂಲ್ಯಾಳ ಅಪ್ಪ ಬೆನಕಪ್ಪನವರು ನಮ್ಮ ಕ್ರೀಡಾ ಸಮಿತಿಯ ಅಧ್ಯಕ್ಷರಲ್ಲವೇ, ಮರುದಿನ ಗೊಬ್ಬರದ ಅಂಗಡಿಯಿಂದ ನೇರ ನನ್ನ ಮನೆಗೇ ಬಂದರು. "ಬೀರೂರಿಂದ ಮೂರ್ ಜನ ರೆಡಿ ಹುಡ್ಗೀರ್ನ ಕರ್ಕೊಂಬನ್ನಿ ಅಂತ ಬಡ್ಕೊಂಡೆ. ಮಕ್ಕಳ್ನ ಆಡ್ಸಿ ಊರಿನ್ ಮರ್ಯಾದೆ ಕಳೀತೀರಲ್ಲ ಕಣ್ರೀ" ಅಂತ ಕೂಗಾಡಿದರು. ಕಾಫಿ ಕೊಟ್ಟೆ. ಕುಡಿದು ಇನ್ನೂ ಸ್ವಲ್ಪ ಕೂಗಾಡಿ ಹೋದರು.

ಬೇರೆ ಊರಿನಿಂದ ತಂದ ಆಟಗಾರ್ತಿಯಿಂದ ಒಂದು ಮ್ಯಾಚ್ ಗೆಲ್ಲಬಹುದು, ತಂಡ ಆಗುವುದಿಲ್ಲ. ಈಗ ಆಡುವ ಹನ್ನೊಂದರಲ್ಲಿ ಎಂಟು ಮಕ್ಕಳಿಗೆ ಹದಿನಾಲ್ಕು ತುಂಬಿಲ್ಲ. ಇನ್ನು ಮೂರು ವರ್ಷ ಹೀಗೇ ಸೋತರೂ ಸರಿ, ಆಮೇಲೆ ಒಬ್ಬರ ಕಾಲಿನ ಸಪ್ಪಳ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಆಗ ಬೆನಕಪ್ಪನವರೇ ಹಾರ ತರುತ್ತಾರೆ ನೋಡು.

ನಿನ್ನ ಭಯದ ವಿಷಯ. ನನಗೂ ಇದೆ. ಒಂದೊಂದು ಮ್ಯಾಚಿಗೂ ಮುಂಚೆ ನನ್ನ ಕೈ ನಡುಗುತ್ತದೆ, ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ. ಅಷ್ಟೇ ಉಪಾಯ. ಚಂದ್ರಕುಮಾರ್ ಸರ್ ಎದುರು ಮುಖ ಸಪ್ಪಗೆ ಮಾಡಿಕೊಂಡು ನಿಲ್ಲಬೇಡ. ಅಲ್ಲಿ ನೋಯುತ್ತೆ, ಇಲ್ಲಿ ನೋಯುತ್ತೆ ಎಂದು ಮೊದಲ ವರ್ಷವೇ ರಾಗ ಎಳೆದವಳನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಇದು ನಾನು ಆಡುವ ಕಾಲಕ್ಕೂ ನಿಜ, ಈಗಲೂ ನಿಜ.

ನಿಮ್ಮಪ್ಪನಿಗೆ ಹೇಳಿದ್ದೇನೆ, ಚೆನ್ನಾಗಿ ತಿನ್ನುತ್ತಾಳೆ ಅಂತ.

ವಿಮಲಮ್ಮ


ಕ್ರೀಡಾ ಹಾಸ್ಟೆಲ್
15 ಸೆಪ್ಟೆಂಬರ್ 2024

ಮಿಸ್,

ಸಿಹಿ ಸುದ್ದಿ. ಎರಡನೇ ಗೋಲ್‌ಕೀಪರ್ ನಂಬರ್ ಶನಿವಾರದ ಲಿಸ್ಟಿನಲ್ಲಿ ಬಂತು. ಸುಮನಾ ಅಕ್ಕನಿಗೆ ಮಂಡಿ ಹೋಗಿದೆ. ಬುಧವಾರದ ಮ್ಯಾಚಿನಲ್ಲಿ ನನ್ನನ್ನೇ ನಿಲ್ಲಿಸಿದರು! ಐದು ಪೆನಾಲ್ಟಿ ಕಾರ್ನರ್‌ನಲ್ಲಿ ನಾಲ್ಕು ತಡೆದೆ. ಸರ್ ನನ್ನ ಹೆಸರು ಏನು ಅಂತ ಕೇಳಿದರು.

ಬೆಳಗ್ಗೆ ಮೆಸ್‌ನಲ್ಲಿ ಉಪ್ಪಿಟ್ಟು ಮಾಡಿದ್ದರು, ನಾನು ಎರಡು ಸಲ ಹಾಕಿಸಿಕೊಂಡೆ.

ಒಂದು ಚೆಂಡು ತಲೆಗೆ ಬಿತ್ತು. ಹೆಲ್ಮೆಟ್ ಇತ್ತಲ್ಲ. ಎದ್ದು ನಿಂತೆ. ಏನಿಲ್ಲ. ರಾಜ್ಯ ಜೂನಿಯರ್ ತಂಡದ ಆಯ್ಕೆ ನವೆಂಬರ್ ಹತ್ತನೇ ತಾರೀಖು. ಹೀಗೇ ಆಡಿದರೆ ಹೆಸರು ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಬೆಳಗ್ಗೆ ಮೆಸ್‌ನಲ್ಲಿ ಉಪ್ಪಿಟ್ಟು ಮಾಡಿದ್ದರು ಮಿಸ್. ನಾನು ಎರಡು ಸಲ ಹಾಕಿಸಿಕೊಂಡೆ.

ಪ್ರಜ್ಞಾ


ಅಜ್ಜಂಪುರ
22 ಸೆಪ್ಟೆಂಬರ್ 2024

ನನ್ನ ಚಿನ್ನದಂಥ ಹುಡುಗಿಗೆ,

ನಿನ್ನ ಕಾಗದವನ್ನು ಮೈದಾನದಲ್ಲಿ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಅಮೂಲ್ಯಾ ಶಿಳ್ಳೆ ಹೊಡೆದಳು, ಬೈದೆ. ನಿಮ್ಮಪ್ಪ ಡ್ಯೂಟಿ ಮುಗಿಸಿ ಬಂದವನು ಬೇಲಿಯಾಚೆ ನಿಂತೇ ಕೇಳಿಸಿಕೊಂಡು ಕಣ್ಣೊರೆಸಿಕೊಂಡ.

ಉಪ್ಪಿಟ್ಟಿನ ವಿಷಯ ಎರಡು ಸಲ ಬರೆದಿದ್ದೀಯ, ಅಷ್ಟು ಚೆನ್ನಾಗಿತ್ತಾ? ಅಕ್ಷರ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಸಾಲು ಶುರುವಾಗುವುದು ಒಂದು ಕಡೆ, ಮುಗಿಯುವುದು ಹಾಳೆಯ ಮೂಲೆಯಲ್ಲಿ. ಖುಷಿಗೆ ಹಾಗೆ ಬರೆದಿದ್ದೀಯ ಅಂತ ಈ ಸಲ ಬಿಟ್ಟಿದ್ದೇನೆ.

ತಲೆಗೆ ಬಿದ್ದರೂ ಎದ್ದು ನಿಂತೆಯಲ್ಲ, ಅದನ್ನು ಮಕ್ಕಳಿಗೆ ಎರಡು ಸಲ ಓದಿ ಹೇಳಿದೆ. ಏಳು ವರ್ಷ ಕಾದದ್ದಕ್ಕೆ ಫಲ ಬಂತು ಪ್ರಜ್ಞಾ. ನವೆಂಬರ್ ಹತ್ತು ಎಷ್ಟು ದೂರ!

ವಿಮಲಮ್ಮ


ಕ್ರೀಡಾ ಹಾಸ್ಟೆಲ್
13 ಅಕ್ಟೋಬರ್ 2024

ಮಿಸ್,

ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಸಾಲು ತೇಲುತ್ತದೆ, ನಿಲ್ಲಿಸುತ್ತೇನೆ.

ಹೋದ ಭಾನುವಾರ ಪ್ರಾಕ್ಟೀಸಿನಲ್ಲಿ ಇನ್ನೊಂದು ಬಿತ್ತು. ಅದೇ ಜಾಗ, ಎಡಗಿವಿಯ ಹಿಂದೆ. ಆಮೇಲೆ ಏನಾಯಿತು ಅಂತ ನೆನಪಿಲ್ಲ. ನಾನು ಎದ್ದು ಆಡಿದೆನಂತೆ, ಎರಡು ಗೋಲು ತಡೆದೆನಂತೆ. ರೂಮಿನವಳು ಹೇಳಿದಳು. ನನಗೆ ಗೊತ್ತೇ ಇಲ್ಲ ಮಿಸ್.

ಈಗ ಚೆಂಡು ಎರಡು ಕಾಣುತ್ತದೆ. ಎಡಗಡೆಯದು ನಿಜವಾದದ್ದು ಅಂತ ಕಂಡುಕೊಂಡಿದ್ದೇನೆ, ಅದಕ್ಕೇ ಕೈ ಹಾಕುತ್ತೇನೆ. ಬಿಸಿಲಿಗೆ ಹೋದರೆ ತಲೆ ಸಿಡಿಯುತ್ತದೆ. ಬೆಳಗ್ಗೆ ವಾಂತಿ. ಹೊಟ್ಟೆ ಕೆಟ್ಟಿದೆ ಅಂತ ಹೇಳಿ ಮಾತ್ರೆ ಇಸಿದುಕೊಂಡೆ. ಮೊನ್ನೆ ಮೆಸ್‌ಗೆ ಹೊರಟವಳು ದಾರಿ ತಪ್ಪಿ ಗೇಟಿನ ಹತ್ತಿರ ನಿಂತಿದ್ದೆ. ಬ್ಯಾಗುಗಳು ಇದ್ದವು. ನನ್ನದೂ ಅದರಲ್ಲಿದೆಯಾ ಅಂತ ಹುಡುಕಿದೆ. ಶನಿವಾರ ಆಗಿರಲಿಲ್ಲ ಮಿಸ್, ಅಲ್ಲಿ ಯಾವ ಬ್ಯಾಗೂ ಇರಲಿಲ್ಲ.

ನನಗೆ ಏನೋ ಆಗುತ್ತಿದೆ. ಸತ್ತುಹೋಗುತ್ತೇನಾ ಅಂತ ಭಯ. ಸರ್‌ಗೆ ಹೇಳಿದರೆ ಆ ಶನಿವಾರವೇ ಮೂವತ್ತೊಂದು. ನೀವೂ ಯಾರಿಗೂ ಹೇಳಬಾರದು. ಇನ್ನು ನಾಲ್ಕು ವಾರ ಮಾತ್ರ. ಏಳು ವರ್ಷ ಕಾದಿಲ್ಲವಾ ನಾನು, ನಾಲ್ಕು ವಾರ ಯಾವ ಲೆಕ್ಕ. ಆಯ್ಕೆ ಆದ ಮೇಲೆ ಡಾಕ್ಟರ್ ಹತ್ತಿರ ಹೋಗುತ್ತೇನೆ. ಅಪ್ಪನ ಆಣೆಗೂ ಹೇಳಬೇಡಿ.

ಪ್ರಜ್ಞಾ


ಅಜ್ಜಂಪುರ
17 ಅಕ್ಟೋಬರ್ 2024

ಪ್ರಜ್ಞಾ,

ಈ ಕಾಗದ ಅಲ್ಲಿಗೆ ಮುಟ್ಟುವ ಹೊತ್ತಿಗೆ ನೀನು ಅಲ್ಲಿರುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರಲು ಒಪ್ಪುತ್ತಿಲ್ಲ.

ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಕೊಟ್ಟ. ಬಾಗಿಲಲ್ಲೇ ಓದಿದೆ. ಹಾಸ್ಟೆಲಿಗೆ ಫೋನ್ ಮಾಡಿದೆ, ವಾರ್ಡನ್ ನಿನ್ನನ್ನೇ ಕರೆಸಿದರು. "ಚೆನ್ನಾಗಿದೀನಿ ಮಿಸ್" ಅಂದೆ ನೀನು. ಎಷ್ಟು ಚೆನ್ನಾಗಿ ಅಂದೆ ಅಂದರೆ, ಕೈಯಲ್ಲಿ ನಿನ್ನ ಕಾಗದ ಇರದಿದ್ದರೆ ನಾನು ನಂಬಿ ಊಟಕ್ಕೆ ಕೂರುತ್ತಿದ್ದೆ.

ಆಮೇಲೆ ಚಂದ್ರಕುಮಾರ್ ಸರ್‌ಗೆ ಫೋನ್ ಮಾಡಿದೆ. "ಹುಡ್ಗಿ ಫಸ್ಟ್ ಕ್ಲಾಸಾಗಿದಾಳೆ ಮೇಡಂ, ನೀವ್ ಯಾಕ್ ಗಾಬರಿ ಆಗ್ತೀರಾ" ಅಂದರು. ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎರಡು ಚೆಂಡಿನ ಸಾಲನ್ನು ಇನ್ನೊಮ್ಮೆ ಓದಿಸಿದರು. "ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ" ಅಂದವರ ಧ್ವನಿ ಬೇರೆಯೇ ಆಗಿತ್ತು.

ನಿಮ್ಮಪ್ಪ ಹಳಿಯ ಮೇಲಿದ್ದ. ಬಿಸಿಲಲ್ಲಿ ಎರಡು ಮೈಲಿ ನಡೆದುಹೋಗಿ ಹೇಳಿದೆ. ಸುತ್ತಿಗೆ ಕೆಳಗಿಟ್ಟ. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬೀರೂರಿಗೆ ಹೋಗುವ ಮೊದಲ ರೈಲು ಹತ್ತಿದ, ಹಾಕಿದ ಬಟ್ಟೆಯಲ್ಲೇ.

ನೀನು ಬೇಡ ಅಂದದ್ದನ್ನು ಮಾಡಿದೆ. ನನ್ನನ್ನು ಎಷ್ಟು ಬೇಕಾದರೂ ಬೈಯಿ, ಬೈಯುವಷ್ಟು ಗಟ್ಟಿಯಾಗಿ ಇರು. ತಲೆಗೆ ಬಿದ್ದದ್ದನ್ನು ಎರಡು ಸಲ ಓದಿದವಳು ನಾನು. ಉಪ್ಪಿಟ್ಟಿಗೆ ನಗೆಯಾಡಿದವಳು ನಾನು.

ವಿಮಲಮ್ಮ


ಅಜ್ಜಂಪುರ
24 ನವೆಂಬರ್ 2024

ಪ್ರಜ್ಞಾ,

ನಿನ್ನ ಮನೆಗೂ ನನ್ನ ಮನೆಗೂ ನಡುವೆ ನಾಲ್ಕು ಬೀದಿ. ನೀನು ಆಸ್ಪತ್ರೆಯಿಂದ ಊರಿಗೆ ಬಂದಮೇಲೆ ಮೂರು ಸಲ ಬಂದೆ. ಮೂರು ಸಲವೂ ನಿಮ್ಮಮ್ಮ "ಮಲ್ಗವ್ಳೆ ಮಿಸ್" ಅಂದರು. ಮೂರನೇ ಸಲ ನಿನ್ನ ಕೆಮ್ಮು ಕೇಳಿಸಿತು. ನಾನು ತಿರುಗಿ ಬಂದೆ.

ಡಾಕ್ಟರ್ ಹೇಳಿದ್ದನ್ನು ನಿಮ್ಮಪ್ಪ ನನಗೆ ಹೇಳಿದ. ತಲೆಯೊಳಗೆ ಸ್ವಲ್ಪ ರಕ್ತ ಕಟ್ಟಿತ್ತು, ಆಪರೇಷನ್ ಬೇಕಾಗಿಲ್ಲ, ಕರಗುತ್ತಿದೆ. ಆದರೆ ಇನ್ನೊಂದು ಏಟು ಬಿದ್ದಿದ್ದರೆ ಎಂದು ಹೇಳಿ ಡಾಕ್ಟರ್ ಮಾತು ನಿಲ್ಲಿಸಿದರಂತೆ. ಹೊನ್ನೇಶನೂ ಅಲ್ಲಿಗೇ ನಿಲ್ಲಿಸಿದ. ಆ ಮುಗಿಯದ ಮಾತು ನನ್ನ ಜೊತೆ ಮನೆಯಲ್ಲಿ ಓಡಾಡುತ್ತಿದೆ.

ಹತ್ತನೇ ತಾರೀಖು ಕಳೆದುಹೋಯಿತು. ನಿನಗೆ ಆ ದಿನ ಹೇಗಿತ್ತು ಎಂದು ಕೇಳುವ ಧೈರ್ಯ ನನಗಿಲ್ಲ. ಇನ್ನು ಆಡಬಹುದೋ ಇಲ್ಲವೋ ಈಗಲೇ ಹೇಳಲಾಗದು ಅಂದಿದ್ದಾರಂತೆ. ಅದನ್ನು ಆಮೇಲೆ ನೋಡೋಣ. ನೀನು ಉತ್ತರ ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ವಿಮಲಮ್ಮ


ಅಜ್ಜಂಪುರ
15 ಡಿಸೆಂಬರ್ 2024

ಪ್ರಜ್ಞಾ,

ಇದನ್ನು ನಿನಗಲ್ಲದೆ ಯಾರಿಗೂ ಬರೆಯಲಾರೆ.

ನಿನ್ನೆ ಹದಿನಾಲ್ಕು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, "ಯಾರ್ ಯಾರಿಗೆ ಎಲ್ಲೆಲ್ಲಿ ನೋವಿದೆ, ಹೇಳ್ರೇ" ಅಂದೆ. "ಏನಿಲ್ಲ ಮಿಸ್" ಎಂದು ಹದಿನಾಲ್ಕು ಬಾಯಿ ಒಟ್ಟಿಗೆ ಹೇಳಿತು. ಪ್ರಾರ್ಥನೆ ಹೇಳುವಾಗಲೂ ಅವು ಅಷ್ಟು ಒಟ್ಟಿಗೆ ಹೇಳಿದ್ದಿಲ್ಲ. ಮತ್ತೆ ಕೇಳಿದೆ. ಮತ್ತೆ ಅದೇ. ಆಗ ಓಬಮ್ಮನ ಮೊಮ್ಮಗಳು, ಈ ವರ್ಷ ಸೇರಿದ ಒಂಬತ್ತರ ಕೂಸು, ಮೆಲ್ಲಗೆ ಕೈ ಎತ್ತಿ, "ಹೇಳಿದ್ರೆ ಎಷ್ಟ್ ತಿಂಗ್ಳು ಮಿಸ್?" ಎಂದು ಕೇಳಿತು.

ಅಲ್ಲೇ ಮಣ್ಣಿನ ಮೇಲೆ ಕೂತೆ. ಒಂದು ದಿನವೂ ಇಲ್ಲ ಕಣವ್ವ, ಒಂದು ದಿನವೂ ಇಲ್ಲ ಎಂದು ಹೇಳಿದೆ. ನಂಬುವುದಕ್ಕೆ ಅವಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಒಬ್ಬೊಬ್ಬಳೇ ಬಂದಳು. ಒಬ್ಬಳ ಹೆಬ್ಬೆರಳಿನ ಉಗುರೇ ಇಲ್ಲ, ಶೂ ಒಳಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಒಬ್ಬಳಿಗೆ ಆಡುವಾಗೆಲ್ಲ ಎದೆ ಹಿಡಿದುಕೊಳ್ಳುತ್ತದಂತೆ. ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಏನಾದರೊಂದು ಮುಚ್ಚಿಟ್ಟಿದ್ದರು. ಅಮೂಲ್ಯಾ ಕೊನೆಗೆ ಬಂದು ಅಂಗಿಯ ತೋಳು ಮೇಲೆ ಸರಿಸಿದಳು. ಮಣಿಕಟ್ಟಿಗೆ ಬಿಗಿಯಾಗಿ ರಿಬ್ಬನ್ ಕಟ್ಟಿತ್ತು.

ತರೀಕೆರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಬಿರುಕು ಬಿಟ್ಟಿದೆ, ಕೂಡಿಕೊಂಡಿಲ್ಲ. ಮೇ ತಿಂಗಳಲ್ಲಿ ಬಿದ್ದದ್ದಂತೆ. ಆ ಕೈಯಲ್ಲೇ ಏಳು ತಿಂಗಳು ಸ್ಟಿಕ್ ಹಿಡಿದಿದ್ದಾಳೆ. ಬೆನಕಪ್ಪನವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕಾರಿನಲ್ಲಿ ಬರುವಾಗ ಒಂದೇ ಮಾತು ಅಂದರು: "ಮನೇಲೂ ಹೇಳ್ಲಿಲ್ವಲ್ಲ ಮಿಸ್ ಇವ್ಳು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಧಾನವಾಗಿ ತಂಡ ಕಟ್ಟುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದೆ. ಕಾಯುವುದನ್ನು ಕಲಿಸುತ್ತಿದ್ದೇನೆ ಅಂದುಕೊಂಡೆ, ಬಾಯಿ ಹೊಲಿದುಕೊಳ್ಳುವುದನ್ನು ಕಲಿಸಿದ್ದೇನೆ. ಮೈದಾನಕ್ಕೆ ಹೋಗಲು ಹೆದರಿಕೆ. ಮಕ್ಕಳ ಮುಖ ನೋಡಲು ಹೆದರಿಕೆ. ಎಲ್ಲರಿಗೂ ರಜೆ ಕೊಟ್ಟಿದ್ದೇನೆ. ಮತ್ತೆ ಕರೆಯುತ್ತೇನೋ ಇಲ್ಲವೋ ಗೊತ್ತಿಲ್ಲ.

ವಿಮಲಮ್ಮ


ಅಜ್ಜಂಪುರ
5 ಜನವರಿ 2025

ಮಿಸ್,

ಡಾಕ್ಟರ್ ದಿನಕ್ಕೆ ಹತ್ತು ನಿಮಿಷ ಮಾತ್ರ ಓದು ಬರಹ ಅಂದಿದ್ದಾರೆ. ಇದು ಐದು ದಿನದ ಕಾಗದ.

ನಿಮ್ಮ ಮೇಲೆ ಸಿಟ್ಟಿತ್ತು, ಈಗಲೂ ಇದೆ. ನವೆಂಬರ್ ಹತ್ತರಂದು ಅಮ್ಮ ಕಿಟಕಿಗೆ ಸೀರೆ ಕಟ್ಟಿ ಕತ್ತಲೆ ಮಾಡಿದ್ದಳು. ಅಲ್ಲಿ ಈಗ ಯಾರ ಹೆಸರು ಕೂಗುತ್ತಿರಬಹುದು ಅಂತ ಇಡೀ ದಿನ ಗೋಡೆ ಕಡೆ ತಿರುಗಿ ಮಲಗಿದ್ದೆ. ನೀವು ಇನ್ನು ನಾಲ್ಕು ವಾರ ಸುಮ್ಮನಿದ್ದಿದ್ದರೆ ಅನ್ನಿಸುತ್ತಿತ್ತು. ಸುಮ್ಮನಿದ್ದಿದ್ದರೆ ನೀನೇ ಇರುತ್ತಿರಲಿಲ್ಲ ಅಂತ ಅಪ್ಪ ಒಂದು ದಿನ ಜೋರಾಗಿ ಅತ್ತುಬಿಟ್ಟರು. ಅಪ್ಪ ಅಳುವುದನ್ನು ನಾನು ನೋಡಿರಲಿಲ್ಲ.

ಅಮೂಲ್ಯಾಳ ಕೈ ವಿಷಯ ನನಗೆ ಗೊತ್ತಿತ್ತು. ರಿಬ್ಬನ್ ನನ್ನ ಜಡೆಯದು. ಕಟ್ಟಿದ್ದು ನಾನೇ. "ಹೇಳಿದ್ರೆ ಮಿಸ್ ಮತ್ತೆ ಕೂರಿಸ್ತಾರೆ ಕಣೇ, ಸುಮ್ನಿರು" ಅಂದದ್ದೂ ನಾನೇ. ನಾನು ಕ್ಯಾಪ್ಟನ್ ಆಗಿದ್ದೆನಲ್ಲ. ಚಿಕ್ಕವರಿಗೆಲ್ಲ ನೀವು ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ನಾನು ಹೇಳಿಕೊಟ್ಟಿದ್ದೇನೆ. ಎಲ್ಲವನ್ನೂ ನಿಮ್ಮ ತಲೆಯ ಮೇಲೇ ಹೊತ್ತುಕೊಳ್ಳಬೇಡಿ, ಅರ್ಧ ನನ್ನದು.

ಹಾಸ್ಟೆಲಿಗೆ ಹೋದಾಗ ಚೆಂಡು ಕಂಡರೆ ಭಯ ಅಂತ ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ನನಗೆ ಭಯ ಇದ್ದದ್ದು ನೀವು "ಇವ್ಳ ಕೈಲಿ ಆಗಲ್ಲ" ಅಂದುಬಿಡುತ್ತೀರಿ ಅಂತ. ಎಲ್ಲ ಹುಡುಗಿಯರಿಗೂ ಅಷ್ಟೇ. ನೀವು ಸೆರಗಿನೊಳಗೆ ಕೈ ಮುಚ್ಚಿಕೊಳ್ಳುತ್ತಿದ್ದುದು ನಮಗೆ ಗೊತ್ತಿದ್ದರೆ ಚೆನ್ನಾಗಿತ್ತು.

ಮಕ್ಕಳನ್ನು ಮತ್ತೆ ಕರೆಯಿರಿ ಮಿಸ್. ಓಬಮ್ಮನ ಮೊಮ್ಮಗಳು ದಿನಾ ಸಾಯಂಕಾಲ ನಮ್ಮ ಮನೆ ಮುಂದೆ ಒಬ್ಬಳೇ ಓಡುತ್ತಿರುತ್ತಾಳೆ, ಕಾಲಿನ ಸಪ್ಪಳ ಕೇಳುತ್ತದೆ.

ಇವತ್ತು ಬೆಳಗ್ಗೆಯಿಂದ ಎಡಗಿವಿಯ ಹಿಂದೆ ಮತ್ತೆ ನೋಯುತ್ತಿದೆ. ಅಕ್ಷರ ಸ್ವಲ್ಪ ತೇಲುತ್ತಿದೆ. ಅಮ್ಮನಿಗೆ ಹೇಳಲು ಹೋಗಿ ಬಾಯಿ ಬರಲಿಲ್ಲ, ಅಪ್ಪನಿಗೂ ಹೇಳಲಾಗಲಿಲ್ಲ. ಬಾಯಲ್ಲಿ "ಚೆನ್ನಾಗಿದೀನಿ" ಅಂತಲೇ ಬರುತ್ತದೆ. ಅದಕ್ಕೆ ನಿಮಗೆ ಬರೆದು ಹೇಳುತ್ತಿದ್ದೇನೆ. ಈ ಕಾಗದ ತಂದ ಅಪ್ಪ ನಿಮ್ಮ ಬಾಗಿಲಲ್ಲೇ ನಿಂತಿರುತ್ತಾರೆ, ಅವರಿಗೆ ಏನೂ ಗೊತ್ತಿಲ್ಲ. ಅವರಿಗೆ ನೀವೇ ಹೇಳಿ, ಇಬ್ಬರೂ ಈಗಲೇ ಬನ್ನಿ. ನನಗೆ ತುಂಬ ಹೆದರಿಕೆಯಾಗುತ್ತಿದೆ ಮಿಸ್.

ಪ್ರಜ್ಞಾ